ಗೋಡೆಗೆ ಮುಖ ಮಾಡಿದ ಕುರ್ಚಿ

ದೆವ್ವ ಕಂಡೆವೆನ್ನುವವರನ್ನು ನೋಡಿ ನಾನು ನಕ್ಕದ್ದೇ ಹೆಚ್ಚು. ಏಳನೇ ತರಗತಿಗೆ ಶಾಲೆ ಬಿಟ್ಟು, ಕಾರ್ಕಳದ ಮರದ ಮಿಲ್ಲಿನಿಂದ ಅಮೆರಿಕದ ಡರ್ಹಮ್‌ವರೆಗೆ ದುಡಿದೇ ಬಂದವನು. ಇಂಥ ಕಥೆಗಳಿಗೆ ನನ್ನಲ್ಲಿ ಪುರುಸೊತ್ತೂ ಇರಲಿಲ್ಲ, ನಂಬಿಕೆಯೂ ಇರಲಿಲ್ಲ. ಇದನ್ನು ನೀವು ನಂಬಲೇಬೇಕೆಂದು ನಾನೂ ಹಠ ಹಿಡಿಯುವುದಿಲ್ಲ.

ಇರಾಕ್ ಯುದ್ಧ ಶುರುವಾದ ವರ್ಷ. ಊರಾಚೆಯ ಹಳೆಯ ಮನೆಯಲ್ಲಿ ಒಂಟಿಯಾಗಿದ್ದ ಮಾರ್ಗರೆಟ್ ಎಂಬ ಅಜ್ಜಿ, ಕಾಲು ಸಡಿಲವಾದ ಓಕ್ ಕುರ್ಚಿಯೊಂದರ ರಿಪೇರಿಗೆ ನನ್ನನ್ನು ಕರೆಸಿದರು. ಪಾಲಿಶ್ ಕೆಲಸಕ್ಕೆ ಹೆಂಡತಿ ವಸಂತಿಯೂ ಬಂದಿದ್ದಳು. ಊಟದ ಕೋಣೆಯಲ್ಲಿ ಅದೊಂದೇ ಕುರ್ಚಿ ಗೋಡೆಗೆ ಮುಖ ಮಾಡಿತ್ತು. ನಾನು ಕಾಲು ಬಿಗಿದು, ಯಾವ ಬಡಗಿಯಾದರೂ ಮಾಡುವಂತೆ, ಮೇಜಿನ ಕಡೆಗೆ ತಿರುಗಿಸಿಟ್ಟೆ. ಅಜ್ಜಿ ಹೌಹಾರಿದರು.

ಆಮೇಲೆ ವಿಷಯ ಹೇಳಿದರು. ಮುನ್ನೂರೈವತ್ತು ವರ್ಷಗಳ ಹಿಂದಿನ ಅವರ ಪೂರ್ವಿಕನೊಬ್ಬ ಸ್ಕಾಟ್ಲೆಂಡಿನ ದೊಡ್ಡ ಪ್ರಭು. ರಾಜನಿಗೂ ಪಾರ್ಲಿಮೆಂಟಿಗೂ ಅಂತರ್ಯುದ್ಧ ಹತ್ತಿದಾಗ ಪ್ರಭು ರಾಜನ ಪಕ್ಷ ಹಿಡಿದ. ಕಿರಿಯ ಮಗ ಎದುರು ಸೈನ್ಯ ಸೇರಿದ. ಮಗ ಹೊರಟ ದಿನವೇ ಅಪ್ಪ ಅವನ ಕುರ್ಚಿಯನ್ನು ಗೋಡೆಗೆ ತಿರುಗಿಸಿಬಿಟ್ಟ. ತಾಯಿ ಅದನ್ನೊಮ್ಮೆ ಮೇಜಿಗೆ ಎಳೆದದ್ದಕ್ಕೆ ಗಂಡ ಹೆಂಡಿರ ನಡುವೆ ಮಾತೇ ನಿಂತಿತಂತೆ. ಮಗ ಯುದ್ಧದಲ್ಲಿ ಸತ್ತ, ಹೆಣವೂ ಸಿಗಲಿಲ್ಲ. ಕೋಟೆ ಹೋಯಿತು, ಜಮೀನು ಹೋಯಿತು. ಕುರ್ಚಿ ಮಾತ್ರ ವಂಶದವರ ಜೊತೆ ಸಮುದ್ರ ದಾಟಿ ಕೆರೊಲಿನಾಕ್ಕೆ ಬಂತು. ಇಲ್ಲಿಯೂ ಅದನ್ನು ಯಾರೂ ತಿರುಗಿಸಿರಲಿಲ್ಲ.

"ನನ್ನ ಮಗ ನಾಡಿದ್ದು ಇರಾಕಿಗೆ ಹೊರಟಿದ್ದಾನೆ," ಎಂದರು ಅಜ್ಜಿ. "ಹೋದರೆ ಈ ಮನೆಯಲ್ಲಿ ನಿನಗೆ ಜಾಗವಿಲ್ಲ ಅಂದುಬಿಟ್ಟೆ. ಈಗ ಯಾವ ಮುಖ ಇಟ್ಟುಕೊಂಡು ಫೋನ್ ಮಾಡಲಿ?"

ವಸಂತಿ ನನ್ನನ್ನು ತಿವಿದಳು. "ನಮ್ಮಲ್ಲಿ ಸತ್ತವರಿಗೆ ಬಡಿಸಿ ಬಾಗಿಲು ಹಾಕ್ತೇವಲ್ಲ, ಅದನ್ನು ಹೇಳಿ ಮಾರಾಯ್ರೆ. ಆ ಹುಡುಗ ಎಷ್ಟು ಕಾಲದಿಂದ ಹಸ್ಕೊಂಡಿದ್ದಾನೋ ಏನೋ."

"ನಮ್ಮ ಪ್ರೇತಗಳು ಸಾಲದು ಅಂತ ಇವರದ್ದೂ ಬೇರೆಯಾ ಮಾರಾಯ್ತಿ?"

"ನಿಮಗೆ ಹೆದರಿಕೆಯಾದ್ರೆ ನಾನೇ ಹೇಳ್ತೇನೆ, ಬಿಡಿ."

ತನ್ನ ಹರುಕು ಮುರುಕು ಇಂಗ್ಲಿಷಿನಲ್ಲಿ ಹೇಳಿಯೂಬಿಟ್ಟಳು. ಅಜ್ಜಿ ಒಡನೆ ಎದ್ದು ತಟ್ಟೆ ತಂದರು. ಅವರ ಬ್ರೆಡ್ಡು, ಸೂಪು. ಪಕ್ಕದಲ್ಲಿ ನಮ್ಮ ಡಬ್ಬಿಯ ಕುಚ್ಚಲಕ್ಕಿ ಅನ್ನ, ಹುರುಳಿ ಸಾರು. ನಾನು ತಿರುಗಿಸಿಟ್ಟಂತೆಯೇ ಇದ್ದ ಆ ಕುರ್ಚಿಯ ಮುಂದೆ, ಮೇಜಿನ ಮೇಲೆ ಬಡಿಸಿ, ಬಾಗಿಲು ಮುಚ್ಚಿ, ಮೂವರೂ ಹೊರಗೆ ಕೂತೆವು. ಸ್ವಲ್ಪ ಹೊತ್ತಿನ ಮೇಲೆ, ಊರಿನ ಕ್ರಮದಂತೆ, ನಾನು ಕೆಮ್ಮಿ ಬಾಗಿಲು ತಟ್ಟಿ ಒಳಗೆ ಹೋದೆ.

ಬಡಿಸಿದ್ದು ಬಡಿಸಿದಂತೆಯೇ ಇತ್ತು. ನನಗೆ ನಗು ಬಂತು. ಕುರ್ಚಿ ಸರಿಸೋಣವೆಂದು ಕೂರುವ ಹಲಗೆಗೆ ಅಂಗೈ ಊರಿದೆ. ಬೆಚ್ಚಗಿತ್ತು. ಬಹಳ ಹೊತ್ತು ಕೂತಿದ್ದವರು ಆಗಷ್ಟೇ ಎದ್ದುಹೋದರೆ ಇರುತ್ತದಲ್ಲ, ಹಾಗೆ. ಅಂದು ಬಿಸಿಲಿರಲಿಲ್ಲ, ಆ ಕೋಣೆಯಲ್ಲಿ ಹೀಟರ್ ಹಾಕಿರಲಿಲ್ಲ. ಉಳಿದ ಕುರ್ಚಿಗಳನ್ನೆಲ್ಲ ಮುಟ್ಟಿ ನೋಡಿದೆ, ತಣ್ಣಗಿದ್ದವು. ವಸಂತಿಯೂ ಮುಟ್ಟಿದಳು. ಅಜ್ಜಿ ಎರಡೂ ಕೈಯಿಟ್ಟು ಅಲ್ಲೇ ಕೂತುಬಿಟ್ಟರು. ಆಮೇಲೆ ನೆಲದಲ್ಲಿ ಕೂತೇ ಫೋನ್ ತರಿಸಿ ಮಗನ ನಂಬರ್ ಒತ್ತಿದರು. "ಊಟಕ್ಕೆ ಬಾ" ಎಂದರು, ಅಷ್ಟೆ.

ಮಗ ಬಂದು ಉಂಡು ಹೋದನಂತೆ. ಯುದ್ಧದಿಂದ ಮರಳಿದನೇ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ; ಅಷ್ಟರಲ್ಲಿ ನಾವೂ ಅಟ್ಲಾಂಟಾಕ್ಕೆ ಹೋದೆವು.

ಸತ್ತ ಹುಡುಗನೇ ಬಂದು ಕೂತಿದ್ದನೆಂದು ವಸಂತಿ ಇವತ್ತಿಗೂ ಹೇಳುತ್ತಾಳೆ. ನನಗೇನೂ ತಿಳಿಯದು. ಆದರೆ ಒಂದು ಯೋಚನೆ ನನ್ನನ್ನು ಬಿಡುವುದಿಲ್ಲ: ಮಗನ ಕುರ್ಚಿಯಲ್ಲಿ ಅಷ್ಟು ಹೊತ್ತು ಕೂತಿದ್ದು, ಮುಂದಿದ್ದ ಅನ್ನವನ್ನು ಮುಟ್ಟಲಾರದೆ ಎದ್ದುಹೋದವನು, ಅದನ್ನು ಗೋಡೆಗೆ ತಿರುಗಿಸಿದ ಆ ಅಪ್ಪನೇ ಆಗಿದ್ದರೆ?