ಹಿರಿಯರನ್ನು ಹೆಸರು ಸಮೇತ ಸಾಗಿಸುವ ನೀಲಾಂಬಿಕಾ

ವಿಜಯನಗರದ ಮಾರುಕಟ್ಟೆ ಬೀದಿಯಲ್ಲಿ ಸೇವಂತಿಗೆ ಮೂಟೆ ಇಳಿಸುವವರ ಗದ್ದಲ ಈಗಷ್ಟೇ ಶುರುವಾಗಿದೆ. ಕಾಫಿ ಅಂಗಡಿಯ ಸ್ಟೌ ಇನ್ನೂ ಹೊತ್ತಿಲ್ಲ. ಪಕ್ಕದ ಫೋಟೋ ಸ್ಟುಡಿಯೋದ ಶಟರ್ ಮಾತ್ರ ಆಗಲೇ ಅರ್ಧ ಎದ್ದಿದೆ. ಬಗ್ಗಿ ಒಳಗೆ ಹೋದರೆ, ಹಿಂದಿನ ಕೋಣೆಯಲ್ಲಿ ಒಬ್ಬ ಹೆಂಗಸು ಕಂಪ್ಯೂಟರ್ ಪೆಟ್ಟಿಗೆಯ ಧೂಳು ಒರೆಸುತ್ತಿದ್ದಾರೆ. ಹೋದ ವರ್ಷದ ಆಯುಧಪೂಜೆಯ ಕುಂಕುಮ ಇನ್ನೂ ಪೆಟ್ಟಿಗೆಯ ಹಣೆಯ ಮೇಲಿದೆ. ಒರೆಸುವ ಬಟ್ಟೆ ಅದನ್ನು ಮುಟ್ಟದೆ ಸುತ್ತು ಹಾಕಿಕೊಂಡು ಹೋಗುತ್ತದೆ.

ಇವರು ನೀಲಾಂಬಿಕಾ. ಜನರ ಫೋಟೋಗಳನ್ನು ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ದಾಟಿಸುವುದು ಇವರ ಕೆಲಸ. ಸ್ಟುಡಿಯೋದವರು ಅದಕ್ಕೆ ‘ಟ್ರಾನ್ಸ್‌ಫರ್’ ಎನ್ನುತ್ತಾರೆ. ಇವರ ಬಾಯಲ್ಲಿ ಅದು ‘ಸಾಗಿಸೂದು’. ಬಿಲ್ಲಿನಲ್ಲಿ ಇವರ ಹೆಸರು ಇರುವುದಿಲ್ಲ, ಗಲ್ಲಾದ ಹತ್ತಿರ ಇವರ ಮುಖವೂ ಕಾಣುವುದಿಲ್ಲ.

ಇಷ್ಟು ಬೇಗ ಯಾಕೆ ಎಂದು ಕೇಳಿದರೆ ನಗುತ್ತಾರೆ. “ಒಂಬತ್ತಾದ್ರ ಗಿರಾಕಿ ಬರ್ತಾರ್ರಿ, ಹತ್ತಾದ್ರ ಕರೆಂಟ್ ಹೋಗ್ತದ. ಮಂದಿ ಫೋಟೋ ಅರ್ಧ ದಾರ್ಯಾಗ ಇದ್ದಾಗ ಕರೆಂಟ್ ಹೋದ್ರ ಯಾರ ಹೊಣಿ? ನಸುಕಿನ್ಯಾಗ ಸಾಗಿಸೂದ ಚಲೋ ನೋಡ್ರಿ.”

ಡಿಜಿಟಲ್ ಕ್ಯಾಮೆರಾ ಬಂದ ಹೊಸದರಲ್ಲಿ ನಾವೆಲ್ಲ ಹುಚ್ಚೆದ್ದು ಫೋಟೋ ತೆಗೆದೆವು. ರೀಲು ಮುಗಿಯುವ ಭಯವಿಲ್ಲ, ತೊಳೆಸುವ ಖರ್ಚಿಲ್ಲ. ತೆಗೆದದ್ದನ್ನೆಲ್ಲ ಮನೆಯ ಕಂಪ್ಯೂಟರಿಗೆ ತುಂಬಿದೆವು. ಈಗ ಆ ಕಂಪ್ಯೂಟರುಗಳಿಗೆ ಗೂರಲು ಹತ್ತಿದೆ. ಕೆಲವರು ಹೊಸ ವಿಂಡೋಸ್ ಕೊಂಡಿದ್ದಾರೆ, ಕಾಲೇಜಿನ ಮಕ್ಕಳು ಸೇಬಿನ ಗುರುತಿನ ಲ್ಯಾಪ್‌ಟಾಪ್ ಬೇಕೆಂದು ಹಟ ಹಿಡಿದು ಗೆದ್ದಿದ್ದಾರೆ. ಒಂದರ ಮಾತು ಇನ್ನೊಂದಕ್ಕೆ ಪೂರ್ತಿ ತಿಳಿಯದು. ಹಳೆಯದರಲ್ಲಿ ತಿಂಗಳು ಮೊದಲು, ಹೊಸದರಲ್ಲಿ ತಾರೀಖು ಮೊದಲು ಎಂದಾಗಿ, ಬಸವೇಶ್ವರನಗರದ ಒಂದು ಮನೆಯವರಿಗೆ ಮದುವೆಗಿಂತ ಮುಂಚೆಯೇ ಮಗುವಿನ ನಾಮಕರಣ ಬಂದು ಕೂತಿತ್ತಂತೆ. “ಅವರ ಅತ್ತಿ ನೋಡೂದ್ರೊಳಗ ಸರಿ ಮಾಡಿದ್ನಿ. ಇಲ್ಲಂದ್ರ ಆ ಹುಡುಗಿ ಗತಿ ಏನಾಗ್ತಿತ್ತು?” ಎಂದು ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುತ್ತಾರೆ.

ನೀಲಾಂಬಿಕಾ ರೋಣದ ಕಡೆಯವರು. ಗಂಡ ಚನ್ನವೀರಪ್ಪ ಕಾಮಾಕ್ಷಿಪಾಳ್ಯದ ಗ್ಯಾರೇಜಿನಲ್ಲಿ ಕೆಲಸಕ್ಕಿದ್ದಾರೆ. ಮನೆ ಅನ್ನಪೂರ್ಣೇಶ್ವರಿ ನಗರದಲ್ಲಿ. ರೊಟ್ಟಿ ಬಡಿದಿಟ್ಟು ಮೊದಲ ಬಸ್ಸು ಹಿಡಿಯುತ್ತಾರೆ. ಸ್ಟುಡಿಯೋಗೆ ಸೇರಿದಾಗ ಕಸ ಗುಡಿಸುವುದು, ತೊಳೆದ ಫೋಟೋ ಒಣಹಾಕುವುದು, ಅಂಚು ಕತ್ತರಿಸುವುದು ಇವರ ಪಾಲಿಗಿತ್ತು. ರೀಲು ಹೋಗಿ ಡಾರ್ಕ್‌ರೂಮಿಗೆ ಬೀಗ ಬಿದ್ದಾಗ ಜೊತೆಯವರೆಲ್ಲ ಒಬ್ಬೊಬ್ಬರಾಗಿ ಕೆಲಸ ಬಿಟ್ಟರು. ಇವರಿಗೂ ನೋಟಿಸು ಸಿಗುವುದಿತ್ತು. ಆ ತಿಂಗಳುಗಳಲ್ಲಿ ಮಾಲೀಕರು ಬರುವ ಮೊದಲು ಕಂಪ್ಯೂಟರಿನ ಮುಂದೆ ಕೂತು, ಒಂದೊಂದೇ ಗುಂಡಿ ಒತ್ತಿ ಕಲಿತರು. ಮನೆಯಲ್ಲಿ ಎರಡು ಹೊತ್ತಿನ ಒಲೆ ಉರಿಯಬೇಕಿತ್ತು, ಬೇರೆ ದಾರಿ ಇರಲಿಲ್ಲ.

“ನಾನು ಕಲಿಸ್ಲಿಲ್ಲ ಸಾರ್, ಸುಳ್ಳು ಹೇಳ್ಬಾರ್ದು,” ಎನ್ನುತ್ತಾರೆ ಮಾಲೀಕ ಲಕ್ಷ್ಮೀಪತಿ. “ಮೊದಮೊದ್ಲು ಬೈದಿದೀನಿ, ಮುಟ್ಬೇಡಮ್ಮ ಕೆಟ್ಟೋಗತ್ತೆ ಅಂತ. ಈಗ ಅವ್ರು ಮುಟ್ಟದೇ ಇದ್ರೆ ನಂಗೇ ಭಯ.”

ಮನೆ ಬದಲಿಸುವವರು ಮೊದಲು ದೇವರ ಪಟ ಒಯ್ದು ಹಾಲು ಉಕ್ಕಿಸುತ್ತಾರಲ್ಲ, ನೀಲಾಂಬಿಕಾ ಕೆಲಸಕ್ಕೂ ಅಂಥದ್ದೇ ಒಂದು ರೀತಿಯಿದೆ. ಗಿರಾಕಿ ಬಂದ ಕೂಡಲೇ ಕೇಳುತ್ತಾರೆ, “ನಿಮ್ಮ ಮನ್ಯಾಗ ಮೊದಲ ಯಾರು ಹೋಗಬೇಕ್ರಿ?” ಕೆಲವರು ಮನೆದೇವರು ಎನ್ನುತ್ತಾರೆ, ಕೆಲವರು ಅಜ್ಜಿ. ರಾಜಾಜಿನಗರದ ಒಬ್ಬರು ನಾಯಿಯ ಹೆಸರು ಹೇಳಿದ್ದೂ ಉಂಟು. ಆ ಒಂದು ಫೋಟೋ ಹೊಸ ಯಂತ್ರದಲ್ಲಿ ನೆಟ್ಟಗೆ ತೆರೆದುಕೊಂಡ ಮೇಲೆಯೇ ಉಳಿದವು ಹೊರಡುತ್ತವೆ. ದಿನಕ್ಕೆ ಎರಡು ಮೂರು ಮನೆಯ ಫೋಟೋ ಸಾಗುತ್ತದೆ, ಹಬ್ಬದ ಹೊತ್ತಿನಲ್ಲಿ ಇನ್ನೂ ಜಾಸ್ತಿ.

ಇನ್ನೊಂದು ನಿಯಮವನ್ನು ಅವರು ಯಾರಿಗಾಗಿಯೂ ಮುರಿಯುವುದಿಲ್ಲ. ‘ಕಟ್’ ಮಾಡುವಂತಿಲ್ಲ, ‘ಕಾಪಿ’ಯೇ ಆಗಬೇಕು. ಕಟ್ ಮಾಡಿದರೆ ಫೋಟೋ ಹಳೆಯ ಜಾಗದಲ್ಲಿ ಉಳಿಯದು, ಕಾಪಿ ಮಾಡಿದರೆ ಎರಡೂ ಕಡೆ ಇರುತ್ತದೆ. ಇದನ್ನು ಅವರು ಹೇಳುವ ಬಗೆ ಕೇಳಿ: “ಹೊರಗ ಹೊಂಟಾಗ ಹೋಗ್ತೀನಿ ಅಂತೀವೇನ್ರಿ? ಹೋಗಿ ಬರ್ತೀನಿ ಅಂತೀವಿ. ಕಟ್ ಅಂದ್ರ ‘ಹೋಗ್ತೀನಿ’ ಅಂದಂಗ. ಕಾಪಿ ಅಂದ್ರ ‘ಹೋಗಿ ಬರ್ತೀನಿ’ ಅಂದಂಗ.”

ಈ ವಾರ ಆ ಮಾತು ಅಕ್ಷರಶಃ ನಿಜವಾಗುವುದನ್ನು ನಾನೇ ಕೂತು ನೋಡಿದೆ.

ಕೆಂಗೇರಿಯ ಹಳೆಯ ಒಕ್ಕಲು ಮನೆತನದ ಮುನಿತಾಯಮ್ಮ, ಮಗ ನಾಗರಾಜು ಜೊತೆ ಬುಧವಾರ ಬೆಳಗ್ಗೆ ಬಂದರು. ಮುನಿತಾಯಮ್ಮನವರ ಯಜಮಾನರಿಗೆ ನಿವೃತ್ತಿಯ ನಂತರ ಒಂದು ಗೀಳು ಹತ್ತಿತ್ತು. ಕ್ಯಾಮೆರಾ ಹಿಡಿದು ನೆಂಟರಿಷ್ಟರ ಮನೆಮನೆಗೂ ಹೋಗಿ, ಗೋಡೆಯ ಮೇಲೆ ಗಾಜಿನ ಕಟ್ಟಿನಲ್ಲಿದ್ದ ಹಿರಿಯರ ಫೋಟೋಗಳನ್ನೆಲ್ಲ ತೆಗೆದುಕೊಂಡು ಬರುತ್ತಿದ್ದರು. ಯಾರು ಯಾರೆಂದು ವಿಚಾರಿಸಿ, ಪ್ರತಿ ಫೋಟೋಗೂ ಹೆಸರನ್ನು ಕಂಪ್ಯೂಟರಿನಲ್ಲಿ ಕನ್ನಡದಲ್ಲೇ ಬರೆದಿಟ್ಟರು. ಮಹಾಲಯ ಅಮಾವಾಸ್ಯೆಯ ಹಿರಿಯರ ಹಬ್ಬದಲ್ಲಿ ಎಡೆ ಇಟ್ಟು, ಒಬ್ಬೊಬ್ಬರನ್ನೂ ಹೆಸರು ಹಿಡಿದು ಕರೆಯುವುದು ಈ ಮನೆಯ ರೂಢಿ. ಹೋದ ವರ್ಷ ಯಜಮಾನರೇ ತೀರಿಕೊಂಡರು, ಸೂತಕದ ವರ್ಷವೆಂದು ಹಬ್ಬ ನಡೆಯಲಿಲ್ಲ. ಈ ಸಲ ನಾಗರಾಜು ಕರೆಯಬೇಕು. ಕರೆಯುತ್ತಿದ್ದವರು ಕರೆಸಿಕೊಳ್ಳುವವರ ಸಾಲಿಗೆ ಸೇರಿದ್ದಾರೆ.

ಆದರೆ ನಾಗರಾಜುಗೆ ಹೆಸರು ಗೊತ್ತಿಲ್ಲ. ಮಗಳು ಕವನಾಳ ಹೊಸ ಲ್ಯಾಪ್‌ಟಾಪಿಗೆ ತಾವೇ ಫೋಟೋ ಹಾಕಲು ಹೋಗಿ, ಅವಸರದಲ್ಲಿ ಎಲ್ಲವನ್ನೂ ಕಟ್ ಮಾಡಿ ಪೆನ್‌ಡ್ರೈವಿಗೆ ಸೇರಿಸಿದ್ದರು. ಫೋಟೋ ಬಂತು. ಹೆಸರಿನ ಜಾಗದಲ್ಲಿ ಮಾತ್ರ ತಲೆಬುಡವಿಲ್ಲದ ಇಂಗ್ಲಿಷ್ ಅಕ್ಷರ, ಕೊಂಬು, ಚುಕ್ಕಿ. “ಹಳೇ ಸಿಸ್ಟಮ್ ಗುಜರಿಗೆ ಹಾಕ್ಬಿಟ್ಟೆ ಮೇಡಂ. ಫೋಟೋ ಬಂತಲ್ಲ, ಇನ್ನೇನ್ ಮಾಡೋದು ಅಂತ,” ಎಂದು ತಲೆ ಕೆರೆದುಕೊಂಡರು.

ಅಮ್ಮನನ್ನು ಕೇಳಬಹುದಿತ್ತಲ್ಲ ಎಂದು ನಾನು ಬಾಯಿ ಹಾಕಿದೆ. ಮುನಿತಾಯಮ್ಮ ನನ್ನನ್ನು ಪೆದ್ದನನ್ನು ನೋಡಿದಂತೆ ನೋಡಿದರು. “ಮುಖ ಎಲ್ಲಾ ಗೊತ್ತು ಕಣಪ್ಪ. ಇವ್ರು ಮಾವ, ಇವ್ರು ದೊಡ್ಡಮಾವ, ಇವ್ರು ದೊಡ್ಡತ್ತೆ. ಗಂಡನ ಮನೆ ಹಿರೀಕರ ಹೆಸ್ರು ಸೊಸೆ ಆದೋಳು ಎಲ್ಲಾದ್ರೂ ಬಾಯಲ್ಲಿ ತತ್ತಾಳಾ? ಎಡೆ ಮುಂದೆ ಇವರಪ್ಪ ಬಾಯೊಳಗೇ ಅಂದ್ಕೊಂಡು ಕರೆಯೋರು, ಎಷ್ಟೋ ಜನದ್ದು ನಾನು ಕೇಳೇ ಇಲ್ಲ. ಅಮಾಸೆ ದಿನ ಎಲೆ ಮುಂದೆ ನಿಂತು, ದೊಡ್ಡತ್ತೆ ಬಾ ಅಂದ್ರೆ ಯಾವ ದೊಡ್ಡತ್ತೆ ಬರ್ತಾಳೆ ಹೇಳು?”

ನೀಲಾಂಬಿಕಾ ಕೇಳಿದ್ದು ಒಂದೇ ಪ್ರಶ್ನೆ. “ಯಾವ ಗುಜರಿ ಅಂಗಡಿ ಅಣ್ಣಾರ?”

ಬಾಪೂಜಿ ನಗರದ ಗುಜರಿಯಲ್ಲಿ ಪೆಟ್ಟಿಗೆ ಹಾಗೇ ಬಿದ್ದಿತ್ತು. ಅದನ್ನು ಕೊಳ್ಳುವಷ್ಟು ದೊಡ್ಡ ಮನಸ್ಸಿನವರು ಯಾರೂ ಬಂದಿರಲಿಲ್ಲ. ಕಂಬಳಿ ಸುತ್ತಿ, ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ನಾಗರಾಜು ಅದನ್ನು ಸ್ಟುಡಿಯೋಗೆ ತಂದರು.

ಗುಟ್ಟು ಇಷ್ಟೇ. ಆಗ ಯಜಮಾನರು ಬಳಸಿದ್ದು ಹಳೆಯ ಬಗೆಯ ಕನ್ನಡ ಅಕ್ಷರ, ಅಂದರೆ ಫಾಂಟ್. ಕಣ್ಣಿಗೆ ಕನ್ನಡವಾಗಿ ಕಂಡರೂ ಒಳಗಿರುವುದು ಇಂಗ್ಲಿಷೇ, ಮೇಲೆ ಕನ್ನಡದ ಅಂಗಿ ತೊಡಿಸಿರುತ್ತದೆ. ಆ ಅಂಗಿ ಇದ್ದದ್ದು ಹಳೆಯ ಯಂತ್ರದಲ್ಲಿ. ಪರದೆಯ ಮೇಲಿನ ಅಕ್ಷರಕ್ಕೆಲ್ಲ ಯಜಮಾನರು ಇದೇ ಅಂಗಿ ತೊಡಿಸಿದ್ದರಿಂದ ಉಳಿದ ಇಂಗ್ಲಿಷ್ ಪದಗಳೂ ಅರ್ಥವಿಲ್ಲದ ಕನ್ನಡವಾಗಿ, ಮನೆಯವರು ಚಿತ್ರ ನೋಡಿಯೇ ಕಂಪ್ಯೂಟರ್ ನಡೆಸುತ್ತಿದ್ದರಂತೆ! “ಹೆಸರು ಕೆಟ್ಟಿಲ್ರಿ ಅಮ್ಮಾರ, ಬರೇ ಮೈಯಾಗ ನಿಂತಾವ. ಒಮ್ಮೆ ಹಳೀ ಮನಿಗೆ ಕರಕೊಂಡು ಹೋಗೂಣು,” ಎಂದರು ನೀಲಾಂಬಿಕಾ.

ಶುಕ್ರವಾರ ನಸುಕು. ಮೇಜಿನ ಮೇಲೆ ಹಳೆಯ ದಪ್ಪ ಪರದೆ, ಪಕ್ಕದಲ್ಲಿ ಕವನಾಳ ತೆಳ್ಳನೆಯ ಲ್ಯಾಪ್‌ಟಾಪ್. ಫೋಟೋಗಳನ್ನು ಹಳೆಯ ಯಂತ್ರಕ್ಕೆ ವಾಪಸು ಕಾಪಿ ಮಾಡುತ್ತಾರೆ. ಮುನಿತಾಯಮ್ಮ ಸೆರಗು ಹಿಂಡಿಕೊಂಡು ಕೂತಿದ್ದಾರೆ. ಪರದೆ ಒಂದು ಗಳಿಗೆ ಮಿಣುಕುತ್ತದೆ, ನಂತರ ಮೊದಲ ಸಾಲು ಮೂಡುತ್ತದೆ: ಕೆಂಪಹೊನ್ನಯ್ಯ. ಅದರ ಕೆಳಗೆ ಚಿಕ್ಕಮುನಿಯಪ್ಪ. ಅದರ ಕೆಳಗೆ ಹೊನ್ನಗಂಗಮ್ಮ.

“ಯಾರಿದು ಹೊನ್ನಗಂಗಮ್ಮ?” ಎಂದು ನಾಗರಾಜು ಫೋಟೋ ತೆರೆಸುತ್ತಾರೆ.

“ಅಯ್ಯೋ, ದೊಡ್ಡತ್ತೆ!” ಮುನಿತಾಯಮ್ಮ ಎದ್ದೇ ನಿಲ್ಲುತ್ತಾರೆ. “ಸಾಯೋಗಂಟ ಕಾಲು ಒತ್ತಿದೀನಿ ಕಣೋ ಇವಳ್ಗೆ. ಹೆಸ್ರು ಇವತ್ತು ಗೊತ್ತಾಯ್ತು.” ನಗುತ್ತಿದ್ದಾರೆ, ಕಣ್ಣಲ್ಲಿ ನೀರೂ ಇದೆ.

ಹಳೆಯ ಪರದೆ ನೋಡಿಕೊಂಡು, ನೀಲಾಂಬಿಕಾ ಒಂದೊಂದೇ ಹೆಸರನ್ನು ಈಗಿನ ಬಗೆಯ ಕನ್ನಡದಲ್ಲಿ ಲ್ಯಾಪ್‌ಟಾಪಿಗೆ ಟೈಪು ಮಾಡುತ್ತಾರೆ. ಇನ್ನು ಯಾವ ಯಂತ್ರಕ್ಕೆ ಹೋದರೂ ಅಂಗಿ ಕಳಚದು. ಕೆಂಪಹೊನ್ನಯ್ಯನ ಫೋಟೋ ಬಂದಾಗ ಅವರ ಕೈ ನಿಲ್ಲುತ್ತದೆ. ಪೇಟ ತೊಟ್ಟ ಮುತ್ತಜ್ಜನ ಮುಂದಿನ ಗಾಜಿನಲ್ಲಿ, ಕ್ಯಾಮೆರಾ ಹಿಡಿದು ನಿಂತ ಇನ್ನೊಬ್ಬರು ಮಸುಕಾಗಿ ಕಾಣುತ್ತಿದ್ದಾರೆ. ಎಲ್ಲರ ಫೋಟೋ ತೆಗೆದವರು, ತಮ್ಮದನ್ನು ತೆಗೆದುಕೊಳ್ಳದವರು.

“ಇವರೂ ಈ ಸಲ ಎಡಿಗೆ ಬರ್ತಾರಲ್ರಿ ಅಮ್ಮಾರ. ಇದರದೊಂದು ಕಾಪಿ ಬ್ಯಾರೆ ಇಡ್ತೀನಿ. ಹೆಸರು ಏನಂತ ಬರೀಲ್ರಿ?”

ನಾಗರಾಜು ಬಾಯಿ ತೆರೆಯುವಷ್ಟರಲ್ಲಿ ಅಮ್ಮ ತಡೆಯುತ್ತಾರೆ. “ನೀನು ಸುಮ್ನಿರು. ಕೇಳಿದ್ದು ನನ್ನ.” ಸೆರಗು ಬಾಯಿಗೆ ಬರುತ್ತದೆ. “ಶಿವಪ್ಪನ ತಲೆ ಮೇಲೆ ಯಾರವ್ಳೆ? ಅವಳ್ನ ಹೊತ್ತೋರು ಕಣವ್ವ.”

“ಗಂಡನ ಹೆಸರು ಹಿಂಗ ಸುತ್ತಿ ಹೇಳೂದಕ್ಕ ನಮ್ಮ ಕಡೆ ಒಡಪು ಅಂತೀವ್ರಿ,” ಎಂದು ನೀಲಾಂಬಿಕಾ ನಕ್ಕು, ಗಂಗಾಧರಯ್ಯ ಎಂದು ಟೈಪು ಮಾಡುತ್ತಾರೆ. ಮುನಿತಾಯಮ್ಮ ಬಗ್ಗಿ, ಪರದೆಯ ಮೇಲೆ ಒಂದೊಂದೇ ಅಕ್ಷರದ ಕೆಳಗೆ ಬೆರಳಿಟ್ಟು ಓದುತ್ತಾರೆ. ತುಟಿ ಅಲ್ಲಾಡುತ್ತದೆ, ದನಿ ಹೊರಡುವುದಿಲ್ಲ.

ಕಾಪಿಯಾದ ಮೇಲೆ ಹಳೆಯದನ್ನು ಅಳಿಸಿಬಿಡಲೇ ಎಂದು ನಾಗರಾಜು ಕೇಳುತ್ತಾರೆ. ಬುದ್ಧಿ ಬಂದಿಲ್ಲ ನೋಡಿ! ನೀಲಾಂಬಿಕಾ ಬೇಡವೆಂದು ತಲೆಯಾಡಿಸಿ, ಕಂಬಳಿಯನ್ನು ಮತ್ತೆ ಪೆಟ್ಟಿಗೆಗೆ ಸುತ್ತಿಕೊಡುತ್ತಾರೆ. ಹೊರಡುವಾಗ ಮುನಿತಾಯಮ್ಮ ಅವರ ಕೈ ಹಿಡಿದು, ಹಬ್ಬಕ್ಕೆ ಬಾ ಎಂದು ಕರೆಯುತ್ತಾರೆ. “ಆಗೂದಿಲ್ರಿ, ಅವತ್ತ ಇನ್ನೊಂದು ಮನಿ ಸಾಗಿಸೂದದ,” ಎನ್ನುತ್ತಾರೆ ಇವರು.

ನಾಳೆ ಅಮಾವಾಸ್ಯೆ. ಕೆಂಗೇರಿಯ ಆ ಮನೆಯಲ್ಲಿ ಎಲೆ ಹಾಸಿ, ಎಲ್ಲರನ್ನೂ ಹೆಸರು ಹಿಡಿದು ಕರೆಯುತ್ತಾರೆ. ಇಷ್ಟೆಲ್ಲ ಮಾಡಿಯೂ ನಿಮ್ಮ ಹೆಸರು ಎಲ್ಲಿಯೂ ಇಲ್ಲವಲ್ಲ, ಬೇಸರವಿಲ್ಲವೇ ಎಂದು ಬರುವ ಮುನ್ನ ಕೇಳಿದೆ. ನೀಲಾಂಬಿಕಾ ಮುಂದಿನ ಮನೆಯ ಸಿಡಿಗಳನ್ನು ಬಟ್ಟೆಯಿಂದ ಒರೆಸುತ್ತಿದ್ದರು. ತಲೆ ಎತ್ತದೆ ಹೇಳಿದರು:

“ನನ್ನ ಹೆಸರು ತಗೊಂಡು ಏನ್ ಮಾಡ್ತೀರಿ ಸರ? ನಾ ಸಾಗಿಸಿದ ಮನ್ಯಾಗ ಯಾರೂ ಹೆಸರಿಲ್ದ ಕುಂತಿಲ್ರಿ.”