ಮಹಡಿಯ ಕೋಣೆಗೆ ಹತ್ತಿದ ಕೇಬಲ್

ನನ್ನ ತಮ್ಮ ಒಳ್ಳೆಯವನು. ಇದನ್ನು ಮೊದಲೇ ಹೇಳಿಬಿಡಬೇಕು. ಮುಂದಿನದನ್ನು ಓದಿ ಯಾರೂ ಅವನನ್ನು ದೂರಬಾರದು. ಗಂಡ ತೀರಿಕೊಂಡ ಮೇಲೆ ನಾನು ಪುಟ್ಟೇನಹಳ್ಳಿಯ ಅವನ ಮನೆಗೆ ಬಂದಾಗ, ಮಹಡಿಯ ಮೇಲಿನ ಕೋಣೆಗೆ ಹೊಸ ಬಣ್ಣ ಹೊಡೆಸಿ ಕೊಟ್ಟ.

ಆಗ ನಾನು ಮನೆಯಲ್ಲೇ ಕೂತು ಟೈಪಿಂಗ್ ಕೆಲಸ ಮಾಡುತ್ತಿದ್ದೆ. ಯಾವುದೋ ದೇಶದ ಡಾಕ್ಟರುಗಳು ತಮ್ಮ ರೋಗಿಗಳ ಬಗ್ಗೆ ಮಾತಾಡಿ ಕಳಿಸಿದ್ದನ್ನು ಕೇಳಿ, ಬರಹಕ್ಕಿಳಿಸಿ, ವಾಪಸು ಕಳಿಸುವುದು. ಅದಕ್ಕೆ ಇಂಟರ್ನೆಟ್ ಬೇಕು. ವೈಫೈ ಪೆಟ್ಟಿಗೆ ಇದ್ದದ್ದು ಕೆಳಗೆ ಹಾಲ್‌ನಲ್ಲಿ. ಅದರ ಸಿಗ್ನಲ್ ಮೆಟ್ಟಿಲು ಹತ್ತಿ ನನ್ನ ಕೋಣೆಗೆ ಬರುವಷ್ಟರಲ್ಲಿ ಸುಸ್ತಾಗುತ್ತಿತ್ತು. ಹಾಗಾಗಿ ಸಂಜೆಯಾದರೆ ಲ್ಯಾಪ್‌ಟಾಪ್ ಎತ್ತಿಕೊಂಡು ಕೆಳಗಿಳಿದು, ಊಟದ ಮೇಜಿನ ಮೂಲೆಯಲ್ಲಿ ಕೂರುತ್ತಿದ್ದೆ. ಒಂದು ಕಿವಿಗೆ ಇಯರ್‌ಫೋನ್, ಇನ್ನೊಂದು ಕಿವಿ ಮನೆಗೆ. ಕುಕ್ಕರಿನ ಕೂಗು, ರಿಮೋಟಿಗಾಗಿ ತಮ್ಮನೂ ಅವನ ಮಗಳೂ ಆಡುವ ಜಗಳ. ತಮ್ಮನ ಹೆಂಡತಿ ಸೊಪ್ಪಿನ ಕಟ್ಟನ್ನು ನನ್ನ ಮುಂದೆ ಇಟ್ಟು, "ಕೈ ಖಾಲಿಯಾದಾಗ ಬಿಡಿಸ್ಕೊಡಿ ಅಕ್ಕ" ಎನ್ನುತ್ತಿದ್ದಳು. "ನನ್ ಕೈ ಯಾವತ್ತು ಖಾಲಿ ಇರುತ್ತೆ?" ಎಂದು ಗೊಣಗುತ್ತಲೇ ಬಿಡಿಸುತ್ತಿದ್ದೆ. ನಿಜ ಹೇಳಬೇಕೆಂದರೆ, ಇಡೀ ದಿನದಲ್ಲಿ ನನಗೆ ಬೇಕಾಗಿದ್ದದ್ದು ಆ ಹೊತ್ತೊಂದೇ.

ಗೊಣಗಿದ್ದು ತಮ್ಮನ ಕಿವಿಗೆ ಬಿತ್ತು.

"ಈ ಗಲಾಟೇಲಿ ಹೆಂಗ್ ಕೆಲ್ಸ ಮಾಡ್ತೀಯಕ್ಕ? ಮೇಲಕ್ಕೇ ಕೇಬಲ್ ಎಳೆಸಿಬಿಡ್ತೀನಿ" ಎಂದ.

ಬೇಡ ಎನ್ನಲು ಕಾರಣ ಬೇಕಲ್ಲ? ಬಾಯಿಬಿಟ್ಟು ಹೇಳುವಂಥ ಕಾರಣ ನನ್ನಲ್ಲಿರಲಿಲ್ಲ.

ಭಾನುವಾರ ಕೇಬಲ್‌ನವನು ಬಂದ. ದೇವರ ಕೋಣೆಯ ಗೋಡೆಗೆ ಒಂದು ತೂತು ಕೊರೆದರೆ ಹತ್ತಿರದ ದಾರಿ ಎಂದ. ತಮ್ಮನ ಹೆಂಡತಿ ಬಾಗಿಲಿಗೆ ಅಡ್ಡ ನಿಂತಳು. "ದೇವ್ರ ಗೋಡೆಗೆ ಡ್ರಿಲ್ ಇಡ್ತೀರೇನ್ರೀ?" ನನಗೆ ಒಳಗೊಳಗೇ ಖುಷಿ. ಈ ಮನೆಯಲ್ಲಿ ದೇವರಾದರೂ ನನ್ನ ಪರವಿದ್ದಾನೆ ಅಂದುಕೊಂಡೆ. ಆದರೆ ಟೊಂಕ ಕಟ್ಟಿ ನಿಂತಿದ್ದ ತಮ್ಮ ಬಿಡಬೇಕಲ್ಲ! ಕೇಬಲ್ ಹಾಲ್‌ನ ಕಿಟಕಿಯಿಂದ ಹೊರಬಿದ್ದು, ಪ್ರದಕ್ಷಿಣೆ ಹಾಕುವವರಂತೆ ಮನೆಯನ್ನು ಸುತ್ತಿ, ಟ್ಯಾಂಕಿನ ಪೈಪಿನ ಜೊತೆ ಮೇಲೆ ಹತ್ತಿತು. ಕೇಬಲ್‌ನವನು ತಂದದ್ದು ಸಾಲದೆ, ಬಿಸಿಲಲ್ಲಿ ಯಲಹಂಕಕ್ಕೆ ಹೋಗಿ ತಮ್ಮನೇ ಇನ್ನಷ್ಟು ತಂದ.

ಇಂಟರ್ನೆಟ್ ಚೆನ್ನಾಗಿಯೇ ಬಂತು. ನಾನು ಕೆಳಗಿಳಿಯುವುದು ಊಟಕ್ಕೆ ಮಾತ್ರ ಎಂದಾಯಿತು. ಬರಬರುತ್ತಾ, "ಕೆಲ್ಸದ ಮಧ್ಯೆ ಯಾಕೆ ಇಳೀತೀರಾ" ಎಂದು ತಟ್ಟೆಯೂ ಮೇಲಕ್ಕೇ ಬಂತು. ತಮ್ಮನ ಮಗಳು ತಟ್ಟೆಯಿಟ್ಟು, ಅತ್ತೆಗೆ ತೊಂದರೆಯಾಗಬಾರದೆಂದು ಬಾಗಿಲು ಮುಂದಕ್ಕೆಳೆದುಕೊಂಡು ಹೋಗುತ್ತಿದ್ದಳು. ನಾನು ಎರಡೂ ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಯಾರದೋ ಮಂಡಿನೋವು, ಯಾರದೋ ಎದೆನೋವು ಕೇಳುತ್ತಾ ಕೂತಿರುತ್ತಿದ್ದೆ. ಗಂಡ ಹೋದಾಗಲೂ ಅಷ್ಟು ಒಂಟಿ ಅನ್ನಿಸಿರಲಿಲ್ಲ. ಒಳ್ಳೆಯವರ ಮೇಲೆ ಸಿಟ್ಟು ಮಾಡಿಕೊಳ್ಳುವುದಾದರೂ ಹೇಗೆ?

ಒಂದು ಸಂಜೆ ತಡೆಯಲಾರದೆ ಲ್ಯಾಪ್‌ಟಾಪ್ ಹಿಡಿದು ಕೆಳಗಿಳಿದೆ. ಮೂವರೂ ತಿರುಗಿ ನೋಡಿದರು.

"ನೆಟ್ ಹೋಯ್ತಾ ಅಕ್ಕ?" ತಮ್ಮ ಎದ್ದು ವೈಫೈ ಪೆಟ್ಟಿಗೆಯತ್ತ ಬಗ್ಗಿಯೇಬಿಟ್ಟ. "ಇಲ್ಲಿ ಲೈಟೆಲ್ಲಾ ಸರಿಯಾಗೇ ಉರೀತಿದೆಯಲ್ಲ?"

"ನೆಟ್ಟಿಗೇನೂ ಆಗಿಲ್ಲ ಕಣೋ. ಸುಮ್ನೆ ಬಂದೆ" ಎಂದೆ.

ತಮ್ಮನ ಮಗಳು ಟೀವಿಯ ಸದ್ದು ತಗ್ಗಿಸಿದಳು. ಮೇಜಿನ ಮೂಲೆಯಲ್ಲಿ ಇಸ್ತ್ರಿ ಬಟ್ಟೆಯ ರಾಶಿಯಿತ್ತು. ತಮ್ಮ ಅದನ್ನು ಸೋಫಾಕ್ಕೆ ಹಾಕಿ ನನಗೆ ಕುರ್ಚಿ ಎಳೆದ. ಆ ಮನೆಯಲ್ಲಿ ಕಾಫಿ ಬೇಕೇ ಎಂದು ನಮ್ಮನಮ್ಮೊಳಗೆ ಯಾರೂ ಕೇಳುತ್ತಿರಲಿಲ್ಲ. ಮಾಡಿದಾಗ ಎಲ್ಲರಿಗೂ ಮಾಡುವುದು, ಲೋಟ ತಂದು ಮುಂದೆ ಕುಕ್ಕುವುದು, ಅಷ್ಟೇ. ಕೇಳುವುದೇನಿದ್ದರೂ ಹೊರಗಿನಿಂದ ಬಂದವರನ್ನು.

ತಮ್ಮನ ಹೆಂಡತಿ ಕೈ ಒರೆಸಿಕೊಳ್ಳುತ್ತಾ ಅಡುಗೆಮನೆಯಿಂದ ಹೊರಬಂದಳು.

"ಕೂತ್ಕೊಳ್ಳಿ ಅಕ್ಕ" ಎಂದಳು, ಪ್ರೀತಿಯಿಂದಲೇ. "ಕಾಫಿ ತಗೋತೀರಾ?"