ಅಮೀರ ದಾಟದ ಸೇತುವೆ

…ಅಥವಾ ಆ ಕತೆ ಹೇಳಿದ್ದು ಪಕ್ಕದ ಮನೆಯವಳೇ ಏನೋ. ನಾನು ಅದನ್ನು ಆಕೆಯ ಗಂಡನ ಬಾಯಿಗೆ ಹಾಕಿರಬಹುದು. ತೊಂಬತ್ತರ ದಶಕ, ದೋಹಾದ ಅಂಚಿನ ಮುಐದರ್ ಬಡಾವಣೆ. ಒಂದೇ ವಿಲ್ಲಾವನ್ನು ಭಾಗ ಮಾಡಿ ಬಾಡಿಗೆಗೆ ಕೊಟ್ಟಿದ್ದರು. ಗೋಡೆಯ ಈಚೆ ಧಾರವಾಡದ ನಾವು, ಆಚೆ ಮಂಗಳೂರು ಕಡೆಯ ಬ್ಯಾರಿ ದಂಪತಿ.

ಕತೆ ಸ್ಪೇನಿನದು. ಸಾವಿರದ ಇನ್ನೂರು ವರ್ಷಗಳ ಹಿಂದೆ ಕಾರ್ಡೋಬಾವನ್ನು ಆಳಿದ ಎರಡನೆಯ ಅಮೀರನದು. ನಿನ್ನ ಆಳ್ವಿಕೆ ಕೆಲವೇ ವರ್ಷ ಎಂದು ಜ್ಯೋತಿಷಿಯೊಬ್ಬ ಹೇಳಿಬಿಟ್ಟಿದ್ದನಂತೆ. ಅಲ್ಲಿಂದ ಅವನಿಗೆ ಒಳ್ಳೆಯ ಕೆಲಸಗಳನ್ನು ಮಾಡಿ ಮುಗಿಸುವ ಆತುರ. ನದಿಯ ಮುರುಕು ಸೇತುವೆಯನ್ನು ತಾನೇ ನಿಂತು ಸರಿಮಾಡಿಸಿದ. ಬೇಟೆಗೆ ಹೋಗಲು ಮಾಡಿಸಿಕೊಂಡ ಎಂದು ಊರು ಆಡಿಕೊಂಡಿತು. ಅದು ಕಿವಿಗೆ ಬಿದ್ದದ್ದೇ, ಯುದ್ಧಕ್ಕೋ ಜನರ ಕೆಲಸಕ್ಕೋ ಹೊರತು ಅದರ ಮೇಲೆ ಕಾಲಿಡುವುದಿಲ್ಲ ಎಂದು ಆಣೆ ಹಾಕಿದ.

ಪಕ್ಕದ ಮನೆಯ ಯಜಮಾನರು ಸುತ್ತಲಿನ ಮಕ್ಕಳನ್ನು ಶಾಲೆಗೆ ಬಿಡಲೆಂದು ಹಳೆಯ ವ್ಯಾನ್ ಕೊಂಡಾಗ, ಹೆಂಡತಿಯನ್ನು ಸೂಕ್ ಪೇಟೆಯ ಅಂಗಡಿ ಸುತ್ತಿಸುವುದಕ್ಕೆ ತಂದದ್ದು ಎಂದು ಯಾರೋ ಅಂದರು. ಆಕೆ ತುಂಬು ಬಸುರಿ. ವ್ಯಾನ್ ಹತ್ತುವುದಿಲ್ಲವೆಂದು ಆಣೆ ಹಾಕಿದಳು. ಕ್ಲಿನಿಕ್ಕಿಗೆ ಕೊಡೆ ಹಿಡಿದು ನಡೆದೇ ಹೋಗುತ್ತಿದ್ದಳು. ವ್ಯಾನ್ ಅಂಗಳದಲ್ಲಿ ನಿಂತಿರುತ್ತಿತ್ತು. ಅವಳು ಆ ಬಿಸಿಲಿನಲ್ಲಿ ಎಲ್ಲಿ ಬಿದ್ದಾಳೋ ಎಂದು ನಾನು ಕಿಟಕಿಗೂ ಬಾಗಿಲಿಗೂ ಓಡಾಡುತ್ತಿದ್ದೆ.

“ಸುಮ್ಮನ ಹತ್ತವಾ. ನೀ ಏನ ಕಾರ್ಡೋಬಾ ಆಳಾಕಿಯೇನ?”

“ಆಣೆ ಹಾಕಿ ಆಯ್ತಲ್ಲ ಅಕ್ಕ. ಖಲಾಸ್.”

“ಕಾಲ ನೋಡು, ಹೆಂಗ ಬಾತಾವ.”

“ಕಾಲು ಇಳೀತದೆ. ಜನರ ಮಾತು ಇಳೀಲಿಕ್ಕಿಲ್ಲ.”

“ಯುದ್ಧಕ್ಕ ಹೋಗೂಮುಂದ ಅಮೀರ ದಾಟಬಹುದಿತ್ತಲ್ಲ? ಹೆರಿಗಿ ಯುದ್ಧ ಅಲ್ಲೇನ?”

“ಅದು ನನ್ನ ಯುದ್ಧ ಅಕ್ಕ, ಊರಿನದ್ದಲ್ಲ” ಎಂದು ನಕ್ಕಳು.

ಈ ಉತ್ತರ ಇಷ್ಟು ಚೆನ್ನಾಗಿರುವುದರಿಂದಲೇ ನನಗೆ ಅನುಮಾನ. ಬಹುಶಃ ಅವಳು ಬರೀ ನಕ್ಕಿದ್ದಳು.

ನೋವು ಶುರುವಾದದ್ದು ನಡು ಮಧ್ಯಾಹ್ನ. ಅವಳ ಯಜಮಾನರು ವ್ಯಾನನ್ನು ಗೇಟಿಗೆ ತಂದು ಬಾಗಿಲು ತೆರೆದು, “ಯಲ್ಲಾ, ಹತ್ತು ಮಾರಾಯ್ತಿ!” ಎಂದು ಕೂಗಿದರು. ಅವಳು ಗೇಟಿನ ಕಂಬ ಹಿಡಿದು ರಸ್ತೆಯತ್ತ ನೋಡುತ್ತಿದ್ದಳು. ಬಟ್ಟೆಯ ಚೀಲ ಒಳಗೇ ಉಳಿದಿತ್ತು. ನಾನು ಓಡಿ ತರುವಷ್ಟರಲ್ಲಿ ಗೇಟಿನಲ್ಲಿ ಯಾರೂ ಇಲ್ಲ, ವ್ಯಾನೂ ಇಲ್ಲ. ದೂರದ ತಿರುವಿನಲ್ಲಿ ಕಿತ್ತಳೆ ಬಣ್ಣದ ಟ್ಯಾಕ್ಸಿಯೊಂದು ಮರೆಯಾಯಿತು. ಅದರಲ್ಲಿ ಇದ್ದದ್ದು ಅವಳೋ, ಬೇರೆ ಯಾರೋ.

ಹೆಣ್ಣುಮಗು. ಕೆಲವು ದಿನಗಳ ಮೇಲೆ ಅವರ ಮನೆಯಿಂದ ದೊಡ್ಡ ಪಾತ್ರೆಯಲ್ಲಿ ತುಪ್ಪದನ್ನ, ಮಾಂಸದ ಸಾರು ಹತ್ತಿರದ ಕೂಲಿಗಳ ಬಿಡಾರಕ್ಕೆ ಹೋಯಿತು. ಮಗು ಹುಟ್ಟಿದ್ದಕ್ಕೆ ಎಂದರು ಅವರು. ನಾನೂ ಹಾಗೆಯೇ ತಿಳಿದೆ. ಆಣೆ ಮುರಿದವರು ಬಡವರಿಗೆ ಊಟ ಹಾಕಬೇಕೆಂಬ ಕಟ್ಟಳೆ ಅವರಲ್ಲಿದೆ ಎಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ನಂತರ. ಅಷ್ಟರಲ್ಲಿ ಅವರು ದೋಹಾ ಬಿಟ್ಟಿದ್ದರು. ಆ ಊಟ ಯಾವುದರದು, ಅವಳು ವ್ಯಾನ್ ಹತ್ತಿದಳೇ, ನನಗೆ ಗೊತ್ತಿಲ್ಲ.